ಕೂಗು ಕೇಳಿ ಓಡಿ ಬಂದವರು



ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಹೊಸೂರಿನ ಟಾಕೀಸುಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯ ಚಿತ್ರಗಳು ಓಡುತ್ತವೆ. ಒಂದಾದ ಮೇಲೆ ಒಂದು ಕೊಲೆ ಮಾಡುತ್ತ ಹೋಗುವವನೊಬ್ಬ, ಅವನ ಬೆನ್ನುಹತ್ತಿದ ಪತ್ತೇದಾರನೊಬ್ಬ ಇರುವ ಕಥೆಯಾದರೆ ನಮ್ಮ ಸಾನಮಾವಿನಿಂದ, ಪೋಡೂರಿನಿಂದ, ರಾಮಾಪುರದಿಂದ ಹುಡುಗರು ಬೈಕು ಹತ್ತಿ ಹೊರಟುಬಿಡುತ್ತಾರೆ. ಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. 2018ರಲ್ಲಿ ತಮಿಳಿನ ‘ರಾಟ್ಸಸನ್’ ಬಂತು, 2023ರಲ್ಲಿ ‘ಪೋರ್ ತೊಳಿಲ್’ ಬಂತು. ಕನ್ನಡದಲ್ಲಿ ರಮೇಶ್ ಅರವಿಂದ್ ಅವರ ‘ಶಿವಾಜಿ ಸುರತ್ಕಲ್’ ಬಂತು, ಅದರ ಎರಡನೆಯ ಭಾಗವೂ ಬಂತು. ಎಲ್ಲವನ್ನೂ ನಮ್ಮ ಕಡೆಯವರು ನೋಡಿದರು, ನಾನೂ ನೋಡಿದೆ.

ಈ ಬಗೆಯ ಕಥೆಯನ್ನು ಕೀಳಾಗಿ ಕಾಣುವವರ ಜೊತೆ ನಾನಿಲ್ಲ. ಕನ್ನಡಿಗರಿಗೆ ಓದಿನ ಚಟ ಹತ್ತಿಸಿದ್ದರಲ್ಲಿ ಪತ್ತೇದಾರಿ ಕಾದಂಬರಿಗೆ ದೊಡ್ಡ ಪಾಲಿದೆ. ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೂ ಅವರು ಬರೆದ ನೂರಾರು ಕಾದಂಬರಿಗಳನ್ನು ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಸರದಿಗೆ ಕಾದು ಓದಿದ ಜನ ಇದ್ದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಮನೆಮನೆಗೂ ಗೊತ್ತಿತ್ತು. ‘ಬಂಗಾರದ ಮನುಷ್ಯ’ದಂಥ ಕಾದಂಬರಿ ಕೊಟ್ಟ ಟಿ.ಕೆ. ರಾಮರಾಯರೂ ಕೊಲೆ, ಪತ್ತೆಯ ಕಥೆಗಳನ್ನು ಮನಸ್ಸಿಟ್ಟು ಬರೆದವರೇ. ಕತ್ತಲಲ್ಲಿ ನಡೆದ ಅನ್ಯಾಯ ಬೆಳಕಿಗೆ ಬರಲಿ, ಸತ್ತವರ ಪರವಾಗಿ ಒಬ್ಬರಾದರೂ ನಿಂತು ಕೇಳಲಿ ಎಂಬ ಆಸೆ ಮನುಷ್ಯರೆಲ್ಲರಲ್ಲೂ ಇದೆ. ಈ ಕಥೆಗಳು ನಿಂತಿರುವುದು ಆ ಆಸೆಯ ಮೇಲೆ, ಆ ಆಸೆ ದೊಡ್ಡದು.

ನನ್ನ ತಕರಾರು ಬೇರೆ. ಸಿನಿಮಾದ ಕೊಲೆಗಾರ ಮಹಾ ಬುದ್ಧಿವಂತ. ಪ್ರತಿ ಕೊಲೆಯ ಜಾಗದಲ್ಲೂ ಒಂದು ಗುರುತು ಬಿಟ್ಟು ಪೊಲೀಸರಿಗೆ ಸವಾಲು ಹಾಕುತ್ತಾನೆ. ಪತ್ತೇದಾರ ಅವನಿಗಿಂತ ಬುದ್ಧಿವಂತ. ಗೋಡೆಯ ತುಂಬ ಫೋಟೊ ಅಂಟಿಸಿ, ಕೆಂಪು ದಾರ ಎಳೆದು, ರಾತ್ರಿಯಿಡೀ ನಿದ್ದೆಗೆಟ್ಟು ಅವನ ಮನಸ್ಸನ್ನು ಓದುತ್ತಾನೆ. ಕೊನೆಗೆ ಮಳೆ ಸುರಿಯುವಾಗ ಪಾಳು ಕಟ್ಟಡವೊಂದರಲ್ಲಿ ಇಬ್ಬರೇ ಎದುರಾಗುತ್ತಾರೆ. ಈ ಇಬ್ಬರ ನಡುವಿನ ಚದುರಂಗದಲ್ಲಿ ಸತ್ತ ಹೆಣ್ಣುಮಕ್ಕಳು ಗೋಡೆಯ ಮೇಲಿನ ಫೋಟೊಗಳಾಗಿ ಉಳಿಯುತ್ತಾರೆ. ಅವರ ಮನೆ ಎಲ್ಲಿತ್ತು, ಸಂಜೆಯಾದರೂ ಬಾರದಾಗ ಯಾರು ಎಲ್ಲಿಗೆ ಹೋಗಿ ಹುಡುಕಿದರು, ಠಾಣೆಯಲ್ಲಿ ಅವರಿಗೆ ಏನು ಹೇಳಿ ಕಳುಹಿಸಿದರು ಎಂಬುದನ್ನು ತೋರಿಸಲು ಚಿತ್ರಕ್ಕೆ ಪುರಸೊತ್ತಿಲ್ಲ. ಕೊಲೆಗಾರರ ನಿಜವಾದ ಬೇಟೆಗಳಲ್ಲಿ ಆದದ್ದೇನು ಎಂದು ನೋಡಿದರೆ, ಚಿತ್ರ ಬಿಟ್ಟುಹೋಗುವ ಈ ಭಾಗದಲ್ಲೇ ಇಡೀ ಕಥೆ ಇದೆ.

ಅಂಥ ಒಂದು ಕಥೆ ನಮ್ಮ ಮಗ್ಗುಲಲ್ಲೇ ನಡೆದಿದೆ. ಅದಕ್ಕೆ ಮುಂಚೆ ನಮ್ಮ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ಸಾನಮಾವು ಎಂದರೆ ಈ ಸೀಮೆಯವರಿಗೆ ಮೊದಲು ನೆನಪಾಗುವುದು ಕಾಡು, ಕಾಡಿನ ಜೊತೆಗೆ ಆನೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ, ದೇಂಕಣಿಕೋಟೆಯ ಕಾಡುಗಳನ್ನು ಹಾಯ್ದು ಆನೆಗಳ ಹಿಂಡು ಇಲ್ಲಿಗೆ ಬರುತ್ತದೆ. ಕೆಲವು ಇಲ್ಲೇ ಬೀಡುಬಿಡುತ್ತವೆ, ಕೆಲವು ಹೆದ್ದಾರಿ ದಾಟಿ ಶೂಲಗಿರಿಯ ಕಡೆಗೆ ಹೋಗುತ್ತವೆ. ಕರ್ನಾಟಕದ ಕಾಡಿನಿಂದ ತಮಿಳುನಾಡಿನ ಕಾಡಿಗೆ ಆನೆ ದಾಟಿದರೆ ಆ ಸುದ್ದಿ ಆನೆಗಿಂತ ಮುಂಚೆ ಊರು ತಲುಪುತ್ತದೆ. ಹಿಂಡಿನಲ್ಲಿ ಎಷ್ಟಿವೆ, ಮರಿ ಇದೆಯೇ, ಒಂಟಿ ಸಲಗ ಯಾವ ಕಡೆ ನಿಂತಿದೆ, ರಾತ್ರಿ ಯಾವ ದಾರಿ ಹಿಡಿಯಬಹುದು ಎಂದು ಫಾರೆಸ್ಟಿನವರು ಹೇಳುತ್ತಾರೆ. ದನ ಮೇಯಿಸಲು, ಸೌದೆ ತರಲು ಕಾಡಿಗೆ ಹೋಗಬೇಡಿ, ಹೊಲದ ಕಾವಲಿಗೆ ಒಬ್ಬರೇ ಹೋಗಬೇಡಿ ಎಂದು ಹಳ್ಳಿಹಳ್ಳಿಗೂ ಎಚ್ಚರಿಕೆ ಬರುತ್ತದೆ. ಆ ಏರ್ಪಾಟಿನಲ್ಲೂ ಕೊರತೆಗಳಿವೆ, ಜೀವಹಾನಿ, ಬೆಳೆಹಾನಿ ಆಗುತ್ತಲೇ ಇದೆ. ಆದರೂ ಆನೆ ಹೋದ ದಾರಿಯ ಸುದ್ದಿ ಒಂದು ರೇಂಜಿನಿಂದ ಇನ್ನೊಂದು ರೇಂಜಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ.

ಈಗ ಆ ಕಥೆಗೆ ಬರುತ್ತೇನೆ. 2009ರ ಜುಲೈ ತಿಂಗಳ ಮೊದಲ ವಾರ, ಇದೇ ಹೆದ್ದಾರಿಯ ಮೇಲಿನ ಪೇರಂಡಪಳ್ಳಿಯಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ಮುಂದೆ ತಮಿಳುನಾಡು, ಕರ್ನಾಟಕ ಎರಡೂ ಕಡೆ ಪತ್ರಿಕೆಗಳಲ್ಲಿ ಹೆಸರಾದ ಜೈಶಂಕರ್ ಎಂಬುವನ ಮೇಲೆ ಹೊರಿಸಿದ ಪ್ರಕರಣಗಳಲ್ಲಿ ಇದು ಮೊದಲಿನದು. ಅವನು ಸೇಲಂ ಜಿಲ್ಲೆಯವನು, ಲಾರಿ ಓಡಿಸುತ್ತಿದ್ದವನು. ಹೆದ್ದಾರಿ, ಢಾಬಾ, ರಸ್ತೆ ಬದಿಯ ಹೊಲ, ಒಂಟಿ ಮನೆ ಇವೇ ಅವನು ಓಡಾಡುತ್ತಿದ್ದ ಜಾಗಗಳು. ಮುಂದಿನ ತಿಂಗಳು ತಿರುಪ್ಪೂರು ಕಡೆಯ ಪೆರುಮಾನಲ್ಲೂರಿನಲ್ಲಿ ಗಣ್ಯರೊಬ್ಬರ ಭೇಟಿಯ ಬಂದೋಬಸ್ತಿಗೆ ಬಂದಿದ್ದ ಮಹಿಳಾ ಪೇದೆಯೊಬ್ಬರು ಕಾಣೆಯಾದರು. ಸುಮಾರು ಒಂದು ತಿಂಗಳ ಮೇಲೆ ಅವರ ಹೆಣ ಸಿಕ್ಕಿತು. ಅಕ್ಟೋಬರಿನಲ್ಲಿ ಜೈಶಂಕರ್ ಸಿಕ್ಕಿಬಿದ್ದ.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮುಗಿಯಲಿಲ್ಲ. 2011ರ ಮಾರ್ಚಿನಲ್ಲಿ ಅವನನ್ನು ಧರ್ಮಪುರಿಯ ನ್ಯಾಯಾಲಯಕ್ಕೆ ಹಾಜರುಪಡಿಸಿ ಕೊಯಮತ್ತೂರಿನ ಜೈಲಿಗೆ ವಾಪಸು ಕರೆದೊಯ್ಯುತ್ತಿದ್ದರು. ಸೇಲಂ ಬಸ್ ನಿಲ್ದಾಣದಲ್ಲಿ ಅವನು ಕಾವಲಿನವರ ಕಣ್ಣು ತಪ್ಪಿಸಿ ಓಡಿಹೋದ. ಕಾವಲಿಗಿದ್ದ ಪೇದೆಯೊಬ್ಬರು ಆ ಅವಮಾನ ತಾಳಲಾರದೆ ಮರುದಿನ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು. ಆ ಮನೆಯವರ ದುಃಖವನ್ನೂ ಈ ಲೆಕ್ಕಕ್ಕೇ ಸೇರಿಸಬೇಕು. ಅವನು ರಾಜ್ಯ ದಾಟಿ ಬಳ್ಳಾರಿಯ ಕಡೆ ಹೋದ. ಅಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಹೆಂಗಸರ ಕೊಲೆಗಳಾದವು. ಬಳ್ಳಾರಿಯ ಹಳ್ಳಿಗಳಲ್ಲಿ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೊರಟ ಹೆಣ್ಣುಮಕ್ಕಳಿಗೆ, ಇಂಥವನೊಬ್ಬ ಸೇಲಮ್ಮಿನಲ್ಲಿ ತಪ್ಪಿಸಿಕೊಂಡಿದ್ದಾನೆ, ಚಹರೆ ಹೀಗಿದೆ ಎಂದು ಹೇಳಿದವರು ಯಾರಿದ್ದರು? ಒಂಟಿ ಸಲಗ ದಾಟಿದ ಸುದ್ದಿ ಕಾಡಂಚಿನ ಹಳ್ಳಿಗೆ ಬರುವ ಹಾಗೆ ಈ ಸುದ್ದಿ ಅವರಿಗೆ ಬಂದಿದ್ದರೆ ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅವನು ಮತ್ತೆ ಸಿಕ್ಕಿದ್ದು ಆ ವರ್ಷದ ಮೇ ತಿಂಗಳಲ್ಲಿ, ಈಗಿನ ವಿಜಯಪುರ ಜಿಲ್ಲೆಯ ಎಳಗಿ ಎಂಬ ಹಳ್ಳಿಯಲ್ಲಿ. ಹೊಲದಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದ ಹೆಣ್ಣುಮಗಳ ಹತ್ತಿರ ಬಂದು ಕುಡಿಯಲು ನೀರು, ತಿನ್ನಲು ಏನಾದರೂ ಕೊಡು ಎಂದು ಕೇಳಿದ. ಬಾಯಾರಿ ಬಂದವನಿಗೆ ನೀರಿಲ್ಲ ಎನ್ನುವ ರೂಢಿ ನಮ್ಮ ಹಳ್ಳಿಗಳಲ್ಲಿ ಎಲ್ಲೂ ಇಲ್ಲ. ಆಮೇಲೆ ಅವಳ ಮೇಲೆ ಬಿದ್ದ. ಆಕೆ ಸುತ್ತಲ ಹೊಲಗಳಿಗೆಲ್ಲ ಕೇಳುವ ಹಾಗೆ ಕೂಗಿಕೊಂಡಳು. ಗಂಡ ಮತ್ತು ಅವನ ಗೆಳೆಯ ಓಡಿ ಬಂದರು, ಊರ ಜನ ಕೂಡಿದರು. ತಪ್ಪಿಸಿಕೊಳ್ಳಲು ನೋಡಿದವನನ್ನು ಹಿಡಿದು ಝಳಕಿ ಪೊಲೀಸರಿಗೆ ಒಪ್ಪಿಸಿದರು. ತಾವು ಹಿಡಿದದ್ದು ಯಾರನ್ನು ಎಂಬುದು ಅವರಿಗೆ ಆಮೇಲೆ ತಿಳಿಯಿತು. ಎರಡು ರಾಜ್ಯದ ಪೊಲೀಸರು ಹುಡುಕುತ್ತಿದ್ದವನನ್ನು ಹಿಡಿದುಕೊಟ್ಟದ್ದು ಒಬ್ಬ ಹೆಂಗಸಿನ ಗಂಟಲು, ಇಬ್ಬರು ರೈತರ ಕಾಲು.

ಇನ್ನೂ ಒಂದು ಅಧ್ಯಾಯ ಉಳಿದಿತ್ತು. ಶಿಕ್ಷೆಯಾಗಿ ಬೆಂಗಳೂರಿನ ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದವನು 2013ರ ಆಗಸ್ಟ್ 31ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಗೋಡೆ ಹಾರಿ ಹೋಗಿದ್ದ. ಜೈಲಿನ ಸಿಬ್ಬಂದಿ ಅಮಾನತಾದರು, ಸರ್ಕಾರ ಐದು ಲಕ್ಷ ರೂಪಾಯಿ ಬಹುಮಾನ ಘೋಷಿಸಿತು, ಬಸ್ ನಿಲ್ದಾಣಗಳಲ್ಲಿ ಅವನ ಚಿತ್ರ ಅಂಟಿಸಿದರು. ಪರಪ್ಪನ ಅಗ್ರಹಾರದಿಂದ ನಮ್ಮ ಹೊಸೂರು ರಸ್ತೆ ಕೂಗಳತೆಯ ದೂರ. ಗಡಿಯ ಈಚೆ ನಮ್ಮ ಕಡೆ ಹೆಂಗಸರು ಆ ದಿನಗಳಲ್ಲಿ ಹೂವಿನ ತೋಟದ ಕೆಲಸಕ್ಕೆ ನಸುಕಿನಲ್ಲಿ ಹೊರಡಲು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಸೆಪ್ಟೆಂಬರ್ 6ರಂದು ಅದೇ ಹೊಸೂರು ರಸ್ತೆಯ ಕೂಡ್ಲು ಗೇಟಿನ ಹತ್ತಿರ, ಪಾಳುಬಿದ್ದ ಕಟ್ಟಡವೊಂದರಲ್ಲಿ ಸಿಕ್ಕಿದ. ಗೋಡೆಯಿಂದ ಬಿದ್ದು ಕಾಲು ಮುರಿದಿತ್ತು. ಅಲ್ಲಿದ್ದಾನೆಂದು ಪೊಲೀಸರಿಗೆ ಸುಳಿವು ಕೊಟ್ಟದ್ದೂ ಒಬ್ಬ ಸಾಮಾನ್ಯ ಮನುಷ್ಯ. 2018ರ ಫೆಬ್ರವರಿಯಲ್ಲಿ ಜೈಶಂಕರ್ ಜೈಲಿನಲ್ಲೇ ಸತ್ತ. ಅವನ ಹೆಸರಿನ ನೆರಳಿನಲ್ಲಿ ‘ಸೈಕೋ ಶಂಕ್ರ’ ಎಂಬ ಕನ್ನಡ ಚಿತ್ರವೂ ಬಂತು. ಎಳಗಿಯ ಆ ಹೆಣ್ಣುಮಗಳನ್ನು ನಾಯಕಿ ಮಾಡಿ ಒಂದು ಚಿತ್ರ ತೆಗೆಯಬೇಕೆಂದು ಇದುವರೆಗೆ ಯಾರಿಗೂ ಅನ್ನಿಸಿಲ್ಲ.

ಇವನು ಹೆದ್ದಾರಿಯವನು, ಒರಟು ಮನುಷ್ಯ ಎಂದು ನೀವು ಹೇಳಬಹುದು. ಹಾಗಾದರೆ ಕರಾವಳಿಯ ಕಥೆ ಕೇಳಿ. ಅದೇ 2009ರ ಅಕ್ಟೋಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಮೋಹನ್ ಕುಮಾರ್ ಎಂಬುವನನ್ನು ಹಿಡಿದರು. ಅವನು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಅವನ ಮೇಲೆ ಬಂದದ್ದು 20 ಹೆಣ್ಣುಮಕ್ಕಳ ಕೊಲೆಯ ಆರೋಪ. ಹೆಚ್ಚಿನವರು ಬಡ ಮನೆಯವರು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾಗಿದ್ದವರು. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ನಂಬಿಸಿ ದೂರದ ಊರಿಗೆ ಕರೆದೊಯ್ಯುತ್ತಿದ್ದ. ಮರುದಿನ ಮೈಸೂರು, ಮಡಿಕೇರಿ, ಬೆಂಗಳೂರಿನಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯದಲ್ಲಿ ಗುರುತಿಲ್ಲದ ಒಂದು ಹೆಣ ಸಿಗುತ್ತಿತ್ತು. ಆ ಊರಿನ ಠಾಣೆಯಲ್ಲಿ ಅದು ಅಸಹಜ ಸಾವು, ಯುಡಿಆರ್. ಅವಳ ಸ್ವಂತ ಊರಿನ ಠಾಣೆಯಲ್ಲಿ ಯಾರ ಜೊತೆಗೋ ಓಡಿಹೋದವಳು. ಎಷ್ಟೋ ಮನೆಗಳಲ್ಲಿ ಮಾನಕ್ಕೆ ಅಂಜಿ ದೂರನ್ನೇ ಕೊಡಲಿಲ್ಲ. ಒಂದು ಕಾಗದ ಬಂಟ್ವಾಳದ ಕಡೆ, ಇನ್ನೊಂದು ಕಾಗದ ಮೈಸೂರಿನಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಡುವವರು ವರ್ಷಗಟ್ಟಲೆ ಯಾರೂ ಇರಲಿಲ್ಲ.

ಬಂಟ್ವಾಳ ತಾಲ್ಲೂಕಿನ ಬರಿಮಾರಿನಿಂದ ಒಬ್ಬ ಯುವತಿ 2009ರ ಜೂನ್‌ನಲ್ಲಿ ಕಾಣೆಯಾದಾಗ ಊರಿನವರು ಸುಮ್ಮನಿರಲಿಲ್ಲ. ಅನ್ಯ ಧರ್ಮದವನು ಕರೆದೊಯ್ದಿದ್ದಾನೆ ಎಂಬ ಗುಮಾನಿಯಿಂದ ಗಲಾಟೆ ಎದ್ದಿತು. ಗುಮಾನಿ ಸುಳ್ಳಾಗಿತ್ತು, ಆದರೆ ಆ ಒತ್ತಡದಿಂದ ತನಿಖೆ ಮುಂದೆ ಸರಿಯಿತು. ಕಾಣೆಯಾದವಳ ಫೋನ್ ಕರೆಗಳ ಪಟ್ಟಿ ತೆಗೆದರೆ ಅದರಲ್ಲಿದ್ದ ಒಂದು ನಂಬರು ಕಾಣೆಯಾದ ಇನ್ನೊಬ್ಬಳದು. ಅಲ್ಲಿಂದ ಎಳೆ ಹಿಡಿದು ಹೋದರೆ ಮತ್ತೊಬ್ಬಳು. ಹಾಗೆ ಹೋಗಿ ಹೋಗಿ ಮೋಹನ್ ಕುಮಾರನನ್ನು ಮುಟ್ಟಿದರು. ಈ ಪೊಲೀಸರ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಶಿಕ್ಷೆ ವಿಧಿಸಲು ಆರಂಭಿಸಿತು. 20ನೆಯ ಪ್ರಕರಣದ ತೀರ್ಪು ಬರುವಾಗ 2020 ಆಗಿತ್ತು. ಅದು ಕಾಸರಗೋಡಿನ ಕಡೆಯ ಹೆಣ್ಣುಮಗಳೊಬ್ಬಳ ಪ್ರಕರಣ.

2023ರಲ್ಲಿ ಬಂದ ‘ದಹಾಡ್’ ಎಂಬ ಹಿಂದಿ ಧಾರಾವಾಹಿ ಈ ಪ್ರಕರಣವನ್ನು ಹೋಲುತ್ತದೆ, ಕಥೆ ನಡೆಯುವುದು ಮಾತ್ರ ರಾಜಸ್ಥಾನದಲ್ಲಿ. ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಅದನ್ನು ರೂಪಿಸಿದರು. ಸೋನಾಕ್ಷಿ ಸಿನ್ಹಾ ಅದರಲ್ಲಿ ಸಬ್ ಇನ್‌ಸ್ಪೆಕ್ಟರ್. ಕೊಲೆಗಾರ ಯಾರೆಂದು ನೋಡುವವರಿಗೆ ಬೇಗ ತಿಳಿಯುತ್ತದೆ. ಆದರೂ ಕೊನೆಯವರೆಗೆ ನಮ್ಮನ್ನು ಹಿಡಿದಿಡುವುದು ಕಾಣೆಯಾದವರ ಮನೆಗಳು. ತಂಗಿ ಕಾಣುತ್ತಿಲ್ಲ ಎಂದು ಠಾಣೆಯ ಬಾಗಿಲಿಗೆ ಅಲೆಯುವ ಬಡ ಅಣ್ಣನನ್ನು ಯಾರೂ ಲಕ್ಷಿಸುವುದಿಲ್ಲ. ನಮ್ಮ ನೆಲದ ಕಥೆಯನ್ನು ಇಷ್ಟು ಗಮನವಿಟ್ಟು ಹೇಳಲು ಹಿಂದಿಯವರು ಬರಬೇಕಾಯಿತಲ್ಲ ಎಂಬ ಕೊರಗು ನನಗಿದೆ. ಕನ್ನಡದಲ್ಲಿ ಬೇರೊಂದು ದಾರಿ ಹಿಡಿದೆವು. 2012ರಲ್ಲಿ ‘ದಂಡುಪಾಳ್ಯ’ ಚೆನ್ನಾಗಿ ಓಡಿತು, ಅದರ ಮೇಲೆ ಇನ್ನಷ್ಟು ಭಾಗಗಳು ಬಂದವು. ಹೊಸಕೋಟೆ ಹತ್ತಿರದ ಒಂದು ಹಳ್ಳಿಯ ಹೆಸರು ರಕ್ತದ ಹೆಸರಾಯಿತು. ಆ ಚಿತ್ರಗಳಲ್ಲಿ ಕ್ರೌರ್ಯ ಕಂಡಷ್ಟು ಸತ್ತವರ ಮನೆ ಕಾಣಲಿಲ್ಲ.

ಇಂಥ ಚಿತ್ರಗಳಿಗೆಲ್ಲ ಹಿರಿಯಕ್ಕನಂತಿರುವ ಒಂದು ಚಿತ್ರವಿದೆ. 1931ರಲ್ಲಿ ಜರ್ಮನಿಯ ಫ್ರಿಟ್ಜ್ ಲ್ಯಾಂಗ್ ತೆಗೆದದ್ದು, ಹೆಸರು ‘ಎಂ’. ಅದು ಮಾತು ಬಂದ ಸಿನಿಮಾದ ಮೊದಮೊದಲ ದಿನಗಳು. ಚಿತ್ರದ ಆರಂಭದಲ್ಲಿ ಬಟ್ಟೆ ಒಗೆದು ಬದುಕುವ ತಾಯಿಯೊಬ್ಬಳು ಮಗಳಿಗಾಗಿ ಊಟದ ತಟ್ಟೆ ಇಡುತ್ತಾಳೆ, ಗಡಿಯಾರ ನೋಡುತ್ತಾಳೆ, ಮೆಟ್ಟಿಲ ಹತ್ತಿರ ಬಂದು ಹೆಸರು ಹಿಡಿದು ಕರೆಯುತ್ತಾಳೆ. ಮಗು ಬರುವುದಿಲ್ಲ. ಕೊಲೆಯನ್ನು ತೋರಿಸುವುದೇ ಇಲ್ಲ. ಆ ಕೊಲೆಗಾರನಿಗೆ ಒಂದು ರಾಗವನ್ನು ಸಿಳ್ಳೆ ಹಾಕುವ ಅಭ್ಯಾಸ. ಊರಿನ ಪೊಲೀಸರೆಲ್ಲ ಹುಡುಕುತ್ತಿರುವಾಗ ಆ ಸಿಳ್ಳೆಯನ್ನು ಗುರುತು ಹಿಡಿಯುವವನು ಬೀದಿಯಲ್ಲಿ ಬಲೂನು ಮಾರುವ ಕುರುಡ. ಹಿಂದೊಮ್ಮೆ ಮಗುವಿಗೆ ಬಲೂನು ಕೊಂಡವನ ಸಿಳ್ಳೆ ಅವನ ಕಿವಿಯಲ್ಲಿ ಉಳಿದಿತ್ತು. ಬಾನುಲಿಯಲ್ಲಿ ಕುಳಿತು ಮಾತಾಡುವ ನನಗೆ ಈ ಕುರುಡನ ಮೇಲೆ ವಿಶೇಷ ಪ್ರೀತಿ. ಆ ಸಿಳ್ಳೆ ಹಾಕಿದ್ದು ಕೊಲೆಗಾರನ ಪಾತ್ರ ಮಾಡಿದ ಪೀಟರ್ ಲೋರೆ ಅಲ್ಲ, ಅವರಿಗೆ ಸಿಳ್ಳೆ ಬರುತ್ತಿರಲಿಲ್ಲವಂತೆ. ನಿರ್ದೇಶಕರೇ ಹಾಕಿದರು.

ನಿಜವಾದ ಪತ್ತೇದಾರ ಹೇಗಿರುತ್ತಾನೆ ಎಂದು ಯಾರಾದರೂ ಕೇಳಿದರೆ ನಾನು ಪಿಯರ್ಸ್ ಬ್ರೂಕ್ಸ್ ಎಂಬ ಅಮೆರಿಕದ ಪೊಲೀಸನ ಹೆಸರು ಹೇಳುತ್ತೇನೆ. 1950ರ ದಶಕದ ಕೊನೆಯಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿದ್ದರು. ತಮ್ಮ ಮುಂದಿರುವುದು ಕೊಲೆಗಾರನ ಮೊದಲ ಕೊಲೆಯಲ್ಲ, ಬೇರೆ ಊರಿನಲ್ಲೂ ಹೀಗೆ ಮಾಡಿರಬೇಕು ಎಂಬ ಅನುಮಾನ ಅವರಿಗೆ. ಠಾಣೆಯಿಂದ ಠಾಣೆಗೆ ಕೇಳುವ ವ್ಯವಸ್ಥೆ ಆಗ ಇರಲಿಲ್ಲ. ಡ್ಯೂಟಿ ಮುಗಿದ ಮೇಲೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಬೇರೆ ಊರುಗಳ ಹಳೆಯ ಪತ್ರಿಕೆಗಳನ್ನು ತಿರುವಿಹಾಕುತ್ತ ಕೂರುತ್ತಿದ್ದರು. ಆಗ ಅಲ್ಲಿ ಹಾವಳಿ ಎಬ್ಬಿಸಿದ್ದ ಕೊಲೆಗಾರ ಹಾರ್ವೆ ಗ್ಲ್ಯಾಟ್‌ಮನ್ ಕೊನೆಗೆ 1958ರಲ್ಲಿ ಸಿಕ್ಕಿದ್ದು ರಸ್ತೆ ಬದಿಯಲ್ಲಿ. ಒಬ್ಬ ಹೆಂಗಸು ಅವನ ಪಿಸ್ತೂಲಿಗೇ ಕೈಹಾಕಿ ಗುದ್ದಾಡುತ್ತಿದ್ದಾಗ ಗಸ್ತಿನ ಪೊಲೀಸ್ ಅಲ್ಲಿಗೆ ಬಂದರು. ಎಳಗಿಯ ಹೊಲದಲ್ಲಿ ಆದದ್ದೂ ಇದೇ ಅಲ್ಲವೇ? ಬ್ರೂಕ್ಸ್ ಅವರ ಹಟದಿಂದ 1985ರಲ್ಲಿ ಅಮೆರಿಕದ ಎಫ್‌ಬಿಐ, ಇಡೀ ದೇಶದ ಇಂಥ ಪ್ರಕರಣಗಳನ್ನು ಒಂದೇ ಕಡೆ ಕಲೆಹಾಕಿ ಹೋಲಿಸುವ ಏರ್ಪಾಟು ಆರಂಭಿಸಿತು. ನಮ್ಮಲ್ಲಿ ದೇಶದ ಪೊಲೀಸ್ ಠಾಣೆಗಳನ್ನೆಲ್ಲ ಕಂಪ್ಯೂಟರ್ ಜಾಲದಿಂದ ಬೆಸೆಯುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2009ರಲ್ಲಿ, ಪೇರಂಡಪಳ್ಳಿಯಲ್ಲಿ ಆ ಕೊಲೆ ಆದ ವರ್ಷವೇ.

ಆದರೆ ಕಂಪ್ಯೂಟರಿಗೆ ಹೋಗಬೇಕಾದರೆ ಮೊದಲು ದೂರು ಬರೆದುಕೊಳ್ಳಬೇಕು. ಬೇಗ ಯಾರನ್ನಾದರೂ ಹಿಡಿದು ತೋರಿಸಬೇಕೆಂಬ ಅವಸರವೂ ಆಗದು. ಕೊರಿಯಾದ ಹ್ವಾಸಾಂಗ್ ಎಂಬಲ್ಲಿ 1986ರಿಂದ 1991ರವರೆಗೆ ನಡೆದ ಕೊಲೆಗಳ ಮೇಲೆ ಬೋಂಗ್ ಜೂನ್ ಹೋ 2003ರಲ್ಲಿ ‘ಮೆಮೊರೀಸ್ ಆಫ್ ಮರ್ಡರ್’ ಎಂಬ ಚಿತ್ರ ತೆಗೆದರು. ಅದರಲ್ಲಿ ಪೊಲೀಸರು ಹೊಡೆದು ಬಡಿದು ತಪ್ಪೊಪ್ಪಿಗೆ ಪಡೆಯುವುದನ್ನು ಮುಚ್ಚಿಡದೆ ತೋರಿಸಿದ್ದಾರೆ. ನಿಜವಾದ ಕೊಲೆಗಾರ 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾದ. ಆ ಹೊತ್ತಿಗೆ ಅದರಲ್ಲಿ ಒಂದು ಕೊಲೆಗಾಗಿ ನಿರಪರಾಧಿಯೊಬ್ಬ 20 ವರ್ಷ ಜೈಲಿನಲ್ಲಿ ಕಳೆದು ಬಂದಿದ್ದ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನಮ್ಮ ಸೀಮೆ ಗಡಿಯ ಸೀಮೆ. ಹೊಸೂರು, ಬಾಗಲೂರು, ಶೂಲಗಿರಿ ಠಾಣೆಗಳು ಒಂದು ರಾಜ್ಯಕ್ಕೆ ಸೇರಿದವು, ಅತ್ತಿಬೆಲೆ ಠಾಣೆ ಇನ್ನೊಂದಕ್ಕೆ. ಮಗಳು ಹೊಸೂರಿನಲ್ಲಿ ಕಂಪನಿ ಬಸ್ಸು ಹತ್ತಿ ಗಡಿಯಾಚೆಯ ಬೊಮ್ಮಸಂದ್ರದಲ್ಲಿ ಕೆಲಸ ಮಾಡಿ ರಾತ್ರಿ ಪಾಳಿ ಮುಗಿಸಿ ಬರುತ್ತಾಳೆ. ಅವಳು ಬಾರದಿದ್ದರೆ ಅಪ್ಪ ಅಮ್ಮ ಯಾವ ಠಾಣೆಗೆ ಹೋಗಬೇಕು? ಇದು ನಮ್ಮ ಹದ್ದಲ್ಲ, ಆ ಕಡೆ ಹೋಗಿ ಎಂಬ ಮಾತು ಕೇಳಿ ಹಿಂದಿರುಗಿದವರು ಹಳ್ಳಿಗಳಲ್ಲಿ ಇದ್ದಾರೆ. ಭಾಷೆಯ ತೊಡಕು ಬೇರೆ. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ತಮಿಳು. ಬರೆದುಕೊಡಲು ಬಾರದ ತಾಯಿ ಗೇಟಿನ ಹೊರಗೇ ನಿಂತುಬಿಡುತ್ತಾಳೆ.

ಅದಕ್ಕಾಗಿ ಈ ಮಾತನ್ನು ಗಮನವಿಟ್ಟು ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಪೊಲೀಸರು ತಾವಾಗಿಯೇ ಕ್ರಮ ತೆಗೆದುಕೊಳ್ಳಬೇಕಾದ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅಪರಾಧ ಬೇರೆ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಬರೆದುಕೊಂಡು ಓದಿ ಹೇಳಬೇಕು. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ದುಡ್ಡು ತೆಗೆದುಕೊಳ್ಳದೆ ಕೊಡಬೇಕು. ಮಕ್ಕಳು ಕಾಣೆಯಾದ ದೂರಿಗೆ ಎಫ್‌ಐಆರ್ ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಒಂದು ದಿನ ನೋಡಿ ಆಮೇಲೆ ಬನ್ನಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಮಿಳುನಾಡಿನ ಠಾಣೆಯಾದರೆ ಸಿಎಸ್‌ಆರ್ ರಸೀದಿ, ಕರ್ನಾಟಕದ ಠಾಣೆಯಾದರೆ ಹಿಂಬರಹ, ಯಾವುದಾದರೊಂದು ಕಾಗದ ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ. ಓದಿದ ಹುಡುಗರು ಅಂಥ ಮನೆಯವರ ಜೊತೆ ಠಾಣೆಗೆ ಹೋಗಿ. ನೆರೆಯವರು ಓಡಿಹೋದಳು ಎಂಬ ಮಾತನ್ನು ಬಾಯಿಗೆ ತರಬೇಡಿ. ಆ ಒಂದು ಮಾತಿನ ಮರೆಯಲ್ಲಿ ಕರಾವಳಿಯ ಆ ಮೇಷ್ಟ್ರು ವರ್ಷಗಟ್ಟಲೆ ಸಿಕ್ಕದೆ ಉಳಿದ.

ಸಿನಿಮಾ ತೆಗೆಯುವ ಗೆಳೆಯರಿಗೂ ನನ್ನ ವಿನಂತಿಯಿದೆ. ಪತ್ತೇದಾರಿ ಚಿತ್ರ ಮಾಡಿ, ನಾವು ನೋಡುತ್ತೇವೆ. ಒಮ್ಮೆಯಾದರೂ ಕ್ಯಾಮೆರಾವನ್ನು ದೂರು ಕೊಡಲು ಬಂದವರ ಬೆಂಚಿನ ಹತ್ತಿರ ಇಡಿ. ಹೊಲದಲ್ಲಿ ಕೂಗಿದವಳನ್ನು, ಕೂಗು ಕೇಳಿ ಓಡಿ ಬಂದವರನ್ನು ತೋರಿಸಿ.

ಅಪಾಯ ಬಂದಾಗ ಕರೆ ಮಾಡಬೇಕಾದ ನಂಬರು 112. ಹೆಣ್ಣುಮಕ್ಕಳ ಸಹಾಯವಾಣಿ 181. ಎರಡೂ ಗಡಿಯ ಈಚೆಗೂ ಇವೆ, ಆಚೆಗೂ ಇವೆ. ಈ ಎರಡು ನಂಬರುಗಳನ್ನು ಇವತ್ತೇ ಮನೆಯ ಗೋಡೆಯ ಮೇಲೆ ಬರೆದಿಡಿ.